ಎರಡನೇ ಬಾಗಿಲಿನಿಂದ ಬಂದವರು

ಅಮೆರಿಕದ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯ (ಎಲ್‌ಎಸ್‌ಯು) ಫುಟ್‌ಬಾಲ್ ತಂಡ 2019ರ ಋತುವಿನಲ್ಲಿ 15 ಪಂದ್ಯ ಆಡಿತು, ಹದಿನೈದನ್ನೂ ಗೆದ್ದಿತು. ಒಟ್ಟು ಗಳಿಸಿದ್ದು 726 ಅಂಕ. ಅಲ್ಲಿನ ಕಾಲೇಜು ಫುಟ್‌ಬಾಲ್‌ನ ಮೇಲ್‌ಸ್ತರದಲ್ಲಿ ಅದುವರೆಗೆ ಯಾವ ತಂಡವೂ ಒಂದೇ ಋತುವಿನಲ್ಲಿ ಅಷ್ಟು ಅಂಕ ಕಲೆಹಾಕಿರಲಿಲ್ಲ. ಸೋತವರೂ ಸಾಮಾನ್ಯರಲ್ಲ, ಅವರಲ್ಲಿ ಏಳು ತಂಡಗಳು ಪಂದ್ಯದ ಹೊತ್ತಿಗೆ ದೇಶದ ಮೊದಲ ಹತ್ತರೊಳಗಿದ್ದವು. ಇಷ್ಟು ಕೇಳಿದರೆ ಅದು ಎಲ್ಲ ಕಡೆಯಿಂದ ಆರಿಸಿ ತಂದ ಬಲಾಢ್ಯರ ಪಡೆ ಎನಿಸುವುದು ಸಹಜ. ಆದರೆ ಆ ತಂಡಕ್ಕೆ ಹೆಗಲು ಕೊಟ್ಟವರಲ್ಲಿ ಮುಖ್ಯರಾದವರು ಬೇರೆಡೆ ‘ನೀನು ಬೇಡ’ ಅನ್ನಿಸಿಕೊಂಡು ಬಂದವರು. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲೇ ಮಕ್ಕಳನ್ನು ಗೆದ್ದವರು, ಬಿದ್ದವರು ಎಂದು ಎರಡು ಸಾಲು ಮಾಡಿಬಿಡುವವರೆಲ್ಲ ಆ ಒಂದು ವರ್ಷವನ್ನು ತಿಳಿದುಕೊಳ್ಳಬೇಕು.

ಮೊದಲಿಗೆ ಆಟದ ಮಾತು. ಇದು ನಾವು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಓಡಿ, 100 ಗಜದ ಮೈದಾನ ದಾಟಿಸಬೇಕು. ಒಂದೊಂದು ಕಡೆ 11 ಮಂದಿ. ಚೆಂಡು ಇರುವ ತಂಡಕ್ಕೆ ನಾಲ್ಕು ಯತ್ನ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು, ಹೋಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಚೆಂಡನ್ನು ಕಂಬಗಳ ನಡುವೆ ಒದ್ದು ಕಳಿಸಿದರೆ ಫೀಲ್ಡ್ ಗೋಲ್, 3 ಅಂಕ. ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಟ್ಟು ಓಡಿಸಬೇಕು ಎಂದು ಎರಡು ಮೂರು ಸೆಕೆಂಡಿನಲ್ಲಿ ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್. ತಂಡದ ಬುದ್ಧಿಯೂ ಅವನೇ, ಕೈಯೂ ಅವನೇ.

ಕಾಲೇಜು ತಂಡವೆಂದರೆ ಅಂತರ ಕಾಲೇಜು ಪಂದ್ಯಾವಳಿಯ ಖಾಲಿ ಮೈದಾನವನ್ನು ನೆನೆಯಬೇಡಿ. ಲೂಸಿಯಾನಾದ ರಾಜಧಾನಿ ಬ್ಯಾಟನ್ ರೂಜ್‌ನಲ್ಲಿರುವ ಎಲ್‌ಎಸ್‌ಯು ಕ್ರೀಡಾಂಗಣದಲ್ಲಿ 1,02,321 ಮಂದಿ ಕೂರಬಹುದು. ಅದು ಆ ಊರಿನ ಜನಸಂಖ್ಯೆಯ ಅರ್ಧಕ್ಕೆ ಹತ್ತಿರ. 1988ರಲ್ಲಿ ಆಬರ್ನ್ ವಿರುದ್ಧ ಕೊನೆಗಳಿಗೆಯ ಟಚ್‌ಡೌನ್ ಬಿದ್ದಾಗ ಜನ ಎದ್ದ ಅಬ್ಬರಕ್ಕೆ ಅದೇ ಯೂನಿವರ್ಸಿಟಿಯ ಭೂಕಂಪ ಮಾಪಕದ ಮುಳ್ಳು ಅಲುಗಿತ್ತು. ಅಮೆರಿಕದ ಯೂನಿವರ್ಸಿಟಿಗಳಿಗೆ ಓದಲು ಹೋದ ನಮ್ಮ ಮಕ್ಕಳಿಗೂ ಮೊದಲ ಶರತ್ಕಾಲದಲ್ಲೇ ಇದರ ಬಿಸಿ ತಟ್ಟುತ್ತದೆ: ಶನಿವಾರ ಬಂತೆಂದರೆ ಊರಿಗೆ ಊರೇ ಒಂದು ಬಣ್ಣ ಉಟ್ಟು ಹೊರಡುತ್ತದೆ. 2019ರಲ್ಲಿ ಮೇಲ್‌ಸ್ತರದಲ್ಲಿ 130 ತಂಡಗಳಿದ್ದವು. ಋತುವಿನ ಕೊನೆಗೆ ಆಯ್ಕೆ ಸಮಿತಿಯೊಂದು ಅವುಗಳಲ್ಲಿ ನಾಲ್ಕನ್ನು ಮಾತ್ರ ಆರಿಸುತ್ತಿತ್ತು; ಆ ನಾಲ್ಕರ ನಡುವೆ ಸೆಮಿಫೈನಲ್, ಫೈನಲ್. ಹಾಗಾಗಿ ಒಂದು ಸೋಲನ್ನು ಹೇಗೋ ತಾಳಿಕೊಳ್ಳಬಹುದಿತ್ತು, ಎರಡು ಸೋತರೆ ವರ್ಷವೇ ಮುಗಿದಂತೆ.

ಎಲ್‌ಎಸ್‌ಯುಗೆ ಆಟಗಾರರ ಬರ ಎಂದೂ ಇರಲಿಲ್ಲ. ಲೂಸಿಯಾನಾ ಚಿಕ್ಕ ರಾಜ್ಯವಾದರೂ ಫುಟ್‌ಬಾಲ್ ಪ್ರತಿಭೆಯ ಕಣಜ. 1958, 2003, 2007ರಲ್ಲಿ ತಂಡ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಕೊರತೆ ಇದ್ದದ್ದು ಯೋಚನೆಯಲ್ಲಿ. ಚೆಂಡನ್ನು ಓಟಗಾರನ ಕೈಗೆ ಕೊಟ್ಟು, ಎದುರಾಳಿಯ ಗೋಡೆಗೆ ಗುದ್ದಿ, ಇಂಚಿಂಚು ಮುಂದೆ ಸಾಗುವ ಹಳೆಯ ಪದ್ಧತಿಯನ್ನೇ ಅದು ಹಿಡಿದುಕೊಂಡಿತ್ತು. 2011ರ ನವೆಂಬರ್‌ನಲ್ಲಿ ಅಲಬಾಮಾವನ್ನು ಅದು ಸೋಲಿಸಿದ್ದು 9–6ರಿಂದ, ಎರಡೂ ಕಡೆ ಒಂದೇ ಒಂದು ಟಚ್‌ಡೌನ್ ಇಲ್ಲದೆ. ಎರಡು ತಿಂಗಳ ನಂತರ ಅದೇ ಅಲಬಾಮಾ ಫೈನಲ್‌ನಲ್ಲಿ 21–0ಯಿಂದ ಸೇಡು ತೀರಿಸಿಕೊಂಡಿತು. ಆ ಫೈನಲ್ ಸೇರಿ ಎಲ್‌ಎಸ್‌ಯು ಅಲಬಾಮಾಕ್ಕೆ ಸತತ ಎಂಟು ಬಾರಿ ಸೋತಿತು. 2018ರಲ್ಲಿ ಸೋತದ್ದು ತನ್ನದೇ ಅಂಗಳದಲ್ಲಿ, 29–0ಯಿಂದ. ಆಟ ಬದಲಾಗುತ್ತಿತ್ತು, ಎಲ್‌ಎಸ್‌ಯು ನಿಂತಲ್ಲೇ ನಿಂತಿತ್ತು.

ಬದಲಾವಣೆಗೆ ಒಪ್ಪಿಗೆ ಕೊಟ್ಟವರು ಕೋಚ್ ಎಡ್ ಓರ್ಜೆರಾನ್. ಲೂಸಿಯಾನಾದ ದಕ್ಷಿಣ ತುದಿಯ ಜೌಗು ಸೀಮೆಯ ಲರೋಸ್ ಎಂಬ ಊರಿನವರು, ಫ್ರೆಂಚ್ ಮೂಲದ ಕೇಜನ್ ಸಮುದಾಯದವರು, ಗೊಗ್ಗರು ದನಿಯ ಮನುಷ್ಯ. 2005ರಿಂದ 2007ರವರೆಗೆ ಮಿಸಿಸಿಪಿ ಯೂನಿವರ್ಸಿಟಿಯ ಮುಖ್ಯ ಕೋಚ್ ಆಗಿದ್ದಾಗ 10 ಪಂದ್ಯ ಗೆದ್ದು 25 ಸೋತರು. ಅಲ್ಲಿ ಮನೆಗೆ ಕಳಿಸಿದರು. 2013ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ ಹಂಗಾಮಿಯಾಗಿ ತಂಡ ವಹಿಸಿಕೊಂಡು ಎಂಟರಲ್ಲಿ ಆರು ಗೆದ್ದರೂ ಹುದ್ದೆ ಇನ್ನೊಬ್ಬರ ಪಾಲಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಎಲ್‌ಎಸ್‌ಯು ತನ್ನ ಕೋಚ್‌ನನ್ನು ಋತುವಿನ ನಡುವೆಯೇ ತೆಗೆದಾಗ ಓರ್ಜೆರಾನ್ ಮತ್ತೆ ಹಂಗಾಮಿಯಾದರು, ನವೆಂಬರ್‌ನಲ್ಲಿ ಖಾಯಂ ಆದರು. ಸ್ವಂತ ರಾಜ್ಯದಲ್ಲೇ ಹಲವರು ಈ ನೇಮಕವನ್ನು ಒಪ್ಪಿರಲಿಲ್ಲ. ಆದರೆ ಮಿಸಿಸಿಪಿಯ ಸೋಲು ಅವರಿಗೆ ದೊಡ್ಡ ಪಾಠ ಕಲಿಸಿತ್ತು: ಎಲ್ಲವನ್ನೂ ತಾನೇ ಮಾಡಲು ಹೋಗಬಾರದು, ತನಗಿಂತ ಚೆನ್ನಾಗಿ ಬಲ್ಲವರನ್ನು ಕರೆದು ಅವರ ಕೈ ಕಟ್ಟದೆ ಬಿಡಬೇಕು.

ಕ್ವಾರ್ಟರ್‌ಬ್ಯಾಕ್ ಜೋ ಬರೋ ಬಂದದ್ದು ದೂರದ ಓಹಾಯೊ ರಾಜ್ಯದಿಂದ. ತಂದೆ ಜಿಮ್ಮಿ ಬರೋ ಕೂಡ ಕಾಲೇಜು ಫುಟ್‌ಬಾಲ್ ಕೋಚ್. ಓಹಾಯೊದ ಆಗ್ನೇಯ ಮೂಲೆಯ ಬಡ ಜಿಲ್ಲೆ ಅಥೆನ್ಸ್‌ನ ಸರ್ಕಾರಿ ಹೈಸ್ಕೂಲನ್ನು ಜೋ ರಾಜ್ಯಮಟ್ಟದ ಫೈನಲ್‌ವರೆಗೆ ಕರೆದೊಯ್ದಿದ್ದ. ಆ ರಾಜ್ಯದ ಹುಡುಗರೆಲ್ಲ ಕನಸು ಕಾಣುವ ಓಹಾಯೊ ಸ್ಟೇಟ್ ಯೂನಿವರ್ಸಿಟಿ ಅವನನ್ನು ಸೇರಿಸಿಕೊಂಡಿತು, ಆದರೆ ಆಡಿಸಲಿಲ್ಲ. ಮೂರು ವರ್ಷದಲ್ಲಿ ಅವನು ಎಸೆದ ಪಾಸ್‌ಗಳು ಕೇವಲ 39, ಅವೂ ಹೆಚ್ಚಾಗಿ ಪಂದ್ಯ ಆಗಲೇ ಕೈವಶವಾದ ಮೇಲೆ. 2017ರಲ್ಲಿ ಕೈ ಮೂಳೆ ಮುರಿಯಿತು. ಮುಂದಿನ ವಸಂತದಲ್ಲಿ ಸ್ಥಾನ ಡ್ವೇನ್ ಹ್ಯಾಸ್ಕಿನ್ಸ್‌ಗೆ ಎಂಬುದು ಖಚಿತವಾಗುತ್ತಿದ್ದಂತೆ ಜೋ ಹೊರಡಲು ತೀರ್ಮಾನಿಸಿದ.

ಇಲ್ಲಿ ಒಂದು ನಿಯಮವನ್ನು ಗಮನಿಸಬೇಕು, ಏಕೆಂದರೆ ಇಡೀ ಚಾಂಪಿಯನ್‌ಷಿಪ್ಪು ಅದರ ಮೇಲೆಯೇ ನಿಂತಿದೆ. ಆಗಿನ ಕಾಲೇಜು ಕ್ರೀಡೆಯಲ್ಲಿ ಒಂದು ಯೂನಿವರ್ಸಿಟಿ ಬಿಟ್ಟು ಇನ್ನೊಂದಕ್ಕೆ ಹೋದ ಫುಟ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. ಆದರೆ ಪದವಿ ಮುಗಿಸಿದವನಿಗೆ ವಿನಾಯಿತಿ: ಸ್ನಾತಕೋತ್ತರ ವಿದ್ಯಾರ್ಥಿಯಾಗಿ ಸೇರಿ ಕೂಡಲೇ ಆಡಬಹುದು. ಬೆಂಚಿನ ಮೇಲೆ ಕೂತ ಮೂರು ವರ್ಷವನ್ನು ಬರೋ ವ್ಯರ್ಥ ಮಾಡಿರಲಿಲ್ಲ. ಅಮೆರಿಕದಲ್ಲಿ ನಾಲ್ಕು ವರ್ಷ ಹಿಡಿಯುವ ಪದವಿಯನ್ನು ಮೂರರಲ್ಲಿ ಮುಗಿಸಿದ್ದ. 2018ರ ಮೇ ತಿಂಗಳಲ್ಲಿ ಎಲ್‌ಎಸ್‌ಯುಗೆ ಸೇರುವಾಗ ಅವನ ಕೈಯಲ್ಲಿ ಎರಡು ವರ್ಷದ ಆಟ ಉಳಿದಿತ್ತು. ಮೈದಾನದಲ್ಲಿ ತೋರಿಸಲು ಏನೂ ಇಲ್ಲದ ಹುಡುಗನಿಗೆ ಎರಡನೇ ಬಾಗಿಲು ತೆರೆದದ್ದು ಅವನ ತೋಳಲ್ಲ, ಅವನ ಓದು.

ಆದರೂ ಮೊದಲ ವರ್ಷ ಪವಾಡವೇನೂ ನಡೆಯಲಿಲ್ಲ. 2018ರಲ್ಲಿ ಬರೋ ಎಸೆದದ್ದು 16 ಟಚ್‌ಡೌನ್ ಪಾಸ್ ಮಾತ್ರ. ತಂಡ 10 ಗೆದ್ದು 3 ಸೋತಿತು. ಅಲಬಾಮಾಕ್ಕೆ 29–0ಯಿಂದ ಸೋತ ದಿನ ಕ್ವಾರ್ಟರ್‌ಬ್ಯಾಕ್ ಇವನೇ. ಟೆಕ್ಸಸ್ ಎ ಆಂಡ್ ಎಂ ವಿರುದ್ಧ ಏಳು ಹೆಚ್ಚುವರಿ ಸುತ್ತು ಹೋರಾಡಿ 74–72ರಿಂದ ಕೈಚೆಲ್ಲಿದ ಪಂದ್ಯವೂ ಅದೇ ವರ್ಷದ್ದು.

2019ರ ಜನವರಿಯಲ್ಲಿ ಓರ್ಜೆರಾನ್ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎಂಬ ವೃತ್ತಿಪರ ತಂಡದಿಂದ ಜೋ ಬ್ರೇಡಿ ಎಂಬ ಸಹಾಯಕನನ್ನು ಕರೆತಂದರು. ವಯಸ್ಸು 29. ಆಕ್ರಮಣ ವಿಭಾಗದ ಹೊಣೆ ಹೊತ್ತಿದ್ದ ಸ್ಟೀವ್ ಎನ್ಸ್‌ಮಿಂಗರ್ ಅರವತ್ತು ದಾಟಿದವರು, ಎಲ್‌ಎಸ್‌ಯುನಲ್ಲೇ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ್ದವರು. ಅವರೂ ಒಮ್ಮೆ ಬದಿಗೆ ಸರಿಸಲ್ಪಟ್ಟವರೇ: 2017ರಲ್ಲಿ ಆ ಹೊಣೆಯನ್ನು ಹೊರಗಿನವರಿಗೆ ಕೊಟ್ಟು ಇವರನ್ನು ಕೆಳಗಿನ ಹುದ್ದೆಗೆ ಇಳಿಸಿ, 2018ರಲ್ಲಿ ಮತ್ತೆ ಕರೆದಿದ್ದರು. ಅಂಥ ಹಿರಿಯ ತನ್ನ ಅರ್ಧ ವಯಸ್ಸಿನವನ ಜೊತೆ ಕೂತು ಹೊಸ ಪಾಠ ಕಲಿಯಲು ಒಪ್ಪಿದ್ದು ಆ ವರ್ಷದ ದೊಡ್ಡ ಗೆಲುವುಗಳಲ್ಲೊಂದು ಎಂದೇ ನಾನು ಎಣಿಸುತ್ತೇನೆ. ಅಹಂ ಅಡ್ಡ ಬಂದಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ.

ಹೊಸ ಪದ್ಧತಿಯ ಒಳಗುಟ್ಟು ಕಷ್ಟದ್ದಲ್ಲ. ಚೆಂಡು ಹಿಡಿಯಬಲ್ಲ ಐದು ಮಂದಿಯನ್ನು ಮೈದಾನದ ಉದ್ದಗಲಕ್ಕೂ ಹರಡು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಲು ಐವರನ್ನಷ್ಟೇ ಉಳಿಸಿಕೊ. ಎದುರಾಳಿಗಳೂ ಅವರ ಹಿಂದೆ ಚದುರಲೇಬೇಕು. ಸ್ಲಿಪ್‌ನಲ್ಲಿ ಒತ್ತಾಗಿ ನಿಂತ ಫೀಲ್ಡರ್‌ಗಳನ್ನು ಬೌಂಡರಿಗೆ ಓಡಿಸಿದರೆ ಒಂಟಿ ರನ್ ತಾನೇ ಸಿಗುವ ಹಾಗೆ, ಹರಡಿದ ಮೈದಾನದಲ್ಲಿ ಓಡುವವನಿಗೂ ಜಾಗ, ಹಿಡಿಯುವವನಿಗೂ ಜಾಗ. ಅಪಾಯವೂ ಇದೆ: ಕಾಯುವವರು ಕಡಿಮೆಯಾದ್ದರಿಂದ ಕ್ವಾರ್ಟರ್‌ಬ್ಯಾಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಎದುರಿನ ವ್ಯೂಹ ಓದಿ ಎಸೆಯಬೇಕು. ಕೋಚ್ ಮನೆಯಲ್ಲಿ ಹುಟ್ಟಿ, ಮೂರು ವರ್ಷ ಹೊರಗೆ ಕೂತು ಆಟವನ್ನೇ ದಿಟ್ಟಿಸಿದ್ದ ಬರೋಗೆ ಈ ಓದು ಕರಗತವಾಗಿತ್ತು. ಹಿಡಿಯುವವರೋ ಲೂಸಿಯಾನಾ ಮಣ್ಣಿನವರು: ನ್ಯೂ ಆರ್ಲಿಯನ್ಸ್ ಸುತ್ತಲ ಊರುಗಳ ಜಮಾರ್ ಚೇಸ್ ಮತ್ತು ಜಸ್ಟಿನ್ ಜೆಫರ್ಸನ್. ಓಡುವವನು ಬ್ಯಾಟನ್ ರೂಜ್‌ನ ಕುಳ್ಳ ಹುಡುಗ ಕ್ಲೈಡ್ ಎಡ್ವರ್ಡ್ಸ್ ಹೆಲೇರ್.

ಈ ಹೊಸ ಪದ್ಧತಿಯ ಮೊದಲ ದೊಡ್ಡ ಪರೀಕ್ಷೆ ಎರಡನೇ ಪಂದ್ಯದಲ್ಲೇ ಬಂತು. ಆಸ್ಟಿನ್‌ನಲ್ಲಿ ಟೆಕ್ಸಸ್ ವಿರುದ್ಧ ಎಲ್‌ಎಸ್‌ಯು 37–31ರಿಂದ ಮುಂದಿತ್ತು. ಮೂರು ನಿಮಿಷವೂ ಉಳಿದಿರಲಿಲ್ಲ. ಮೂರನೇ ಯತ್ನ, ಹೋಗಬೇಕಾದದ್ದು 17 ಗಜ. ಹಳೆಯ ಎಲ್‌ಎಸ್‌ಯು ಆಗಿದ್ದರೆ ಓಡಿ, ಸಮಯ ಕಳೆದು, ಚೆಂಡನ್ನು ಎದುರಾಳಿಗೆ ಒದ್ದು, ದೇವರ ಮೇಲೆ ಭಾರ ಹಾಕುತ್ತಿತ್ತು. ಬರೋ ಎಸೆದ. ಜೆಫರ್ಸನ್ ಹಿಡಿದು 61 ಗಜ ದಾಟಿ ಟಚ್‌ಡೌನ್ ಮಾಡಿದ. ಪಂದ್ಯ 45–38ರಿಂದ ಕೈಗೆ ಬಂತು. ಆ ಒಂದು ಎಸೆತದಿಂದ ತಂಡದ ಸ್ವಭಾವವೇ ಬದಲಾಗಿದೆಯೆಂದು ದೇಶಕ್ಕೆ ತಿಳಿಯಿತು.

ಎಲ್ಲ ದಿನವೂ ಹೂವಿನ ಹಾದಿಯಾಗಿರಲಿಲ್ಲ. ಆಬರ್ನ್ ವಿರುದ್ಧ ಗೆಲುವು 23–20ರಷ್ಟು ಬಿಗಿ. ಆ ವರ್ಷ ತಂಡದ ಅತಿ ಕಡಿಮೆ ಗಳಿಕೆ ಅದೇ. ರಕ್ಷಣಾ ವಿಭಾಗ ವ್ಯಾಂಡರ್‌ಬಿಲ್ಟ್‌ಗೆ 38, ಮಿಸಿಸಿಪಿಗೆ 37 ಅಂಕ ಬಿಟ್ಟುಕೊಟ್ಟು ಟೀಕೆಗೆ ಗುರಿಯಾಯಿತು. ಆದರೆ ನವೆಂಬರ್ 9ರಂದು ಟಸ್ಕಲೂಸಾದಲ್ಲಿ, ಅಲಬಾಮಾದ ಅಂಗಳದಲ್ಲಿ, ಎಂಟು ವರ್ಷದ ಭಾರ ಇಳಿಯಿತು. ಅರ್ಧ ಪಂದ್ಯಕ್ಕೆ 33–13ರ ಮುನ್ನಡೆ. ಅಲಬಾಮಾ ಬೆನ್ನಟ್ಟಿ ಬಂದಾಗಲೆಲ್ಲ ಎಡ್ವರ್ಡ್ಸ್ ಹೆಲೇರ್ ಉತ್ತರ ಕೊಟ್ಟ. ನಾಲ್ಕು ಟಚ್‌ಡೌನ್ ಅವನೊಬ್ಬನದೇ. ಕೊನೆಗೆ 46–41. ಟಚ್‌ಡೌನ್ ಇಲ್ಲದೆ 9–6ರಿಂದ ಗೆದ್ದ ಅದೇ ಮೈದಾನದಲ್ಲಿ ಈ ಅಂಕ ಎಂದರೆ ಎಂಟು ವರ್ಷದಲ್ಲಿ ಆಟ ಎಷ್ಟು ದೂರ ಬಂದಿತ್ತು ಎಂಬುದು ಅರ್ಥವಾಗುತ್ತದೆ.

ಋತುವಿನ ಕೊನೆಯ ತವರು ಪಂದ್ಯಕ್ಕೆ ಬರೋ ತನ್ನ ಹೆಸರನ್ನು ಕೇಜನ್ ಸೀಮೆಯ ಫ್ರೆಂಚ್ ಕಾಗುಣಿತದಲ್ಲಿ ಬರೆಸಿದ ಜೆರ್ಸಿ ತೊಟ್ಟು ಬಂದ. ಹೊರಗಿನಿಂದ ಬಂದವನು ತಾನು ನಿಮ್ಮವನೇ ಎಂದು ಒಂದು ಲಕ್ಷ ಜನರ ಮುಂದೆ ಹೇಳಿದ ರೀತಿ ಅದು. ಹಿಂದಿನ ವರ್ಷ ಏಳು ಹೆಚ್ಚುವರಿ ಸುತ್ತಿನಲ್ಲಿ ಸೋಲಿಸಿದ್ದ ಟೆಕ್ಸಸ್ ಎ ಆಂಡ್ ಎಂ ಆ ದಿನ 50–7ರಿಂದ ಸೋತಿತು. ಟೀಕೆ ಕೇಳಿದ್ದ ರಕ್ಷಣಾ ವಿಭಾಗ ಸೆಟೆದು ನಿಂತಿತ್ತು. ಒಂದು ವಾರದ ನಂತರ ಅಟ್ಲಾಂಟಾದಲ್ಲಿ ಜಾರ್ಜಿಯಾವನ್ನು 37–10ರಿಂದ ಬಗ್ಗುಬಡಿದು ಎಲ್‌ಎಸ್‌ಯು ತನ್ನ ವಲಯದ ಚಾಂಪಿಯನ್ ಆಯಿತು.

ಡಿಸೆಂಬರ್ 14ರಂದು ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಬರೋಗೆ ಬಂತು. ಮತದಾನದಲ್ಲಿ ಎರಡನೆಯವನಿಗೂ ಅವನಿಗೂ ನಡುವೆ 1,846 ಅಂಕಗಳ ಅಂತರ, ಆ ಪ್ರಶಸ್ತಿಯ ಚರಿತ್ರೆಯಲ್ಲೇ ಅತಿ ಹೆಚ್ಚು. ವೇದಿಕೆಯಲ್ಲಿ ಮಾತು ಕಟ್ಟಿ ಅವನು ಅತ್ತ. ಮೂರು ವರ್ಷ ಆಡದ ತನ್ನನ್ನು ನಂಬಿದ ಓರ್ಜೆರಾನ್‌ಗೆ ಕೃತಜ್ಞತೆ ಹೇಳಿದ. ಆಮೇಲೆ ತನ್ನ ಊರಿನ ಬಡತನದ ಬಗ್ಗೆ, ಶಾಲೆಯಿಂದ ಮನೆಗೆ ಹೋದರೆ ಊಟವಿಲ್ಲದ ಅಥೆನ್ಸ್‌ನ ಮಕ್ಕಳ ಬಗ್ಗೆ ಮಾತನಾಡಿದ. ಅದನ್ನು ಕೇಳಿದ ಆ ಊರಿನ ಒಬ್ಬರು ಸ್ಥಳೀಯ ಆಹಾರ ಭಂಡಾರಕ್ಕಾಗಿ ಆನ್‌ಲೈನ್‌ನಲ್ಲಿ ದೇಣಿಗೆ ಕೇಳಿದರು. ಗುರಿ ಇಟ್ಟದ್ದು ಸಾವಿರ ಡಾಲರ್. ಲೂಸಿಯಾನಾದಿಂದ, ಓಹಾಯೊದಿಂದ, ದೇಶದ ಎಲ್ಲೆಡೆಯಿಂದ ಹರಿದುಬಂದದ್ದು 5 ಲಕ್ಷ ಡಾಲರ್‌ಗೂ ಹೆಚ್ಚು.

ಡಿಸೆಂಬರ್ 28ರ ಸೆಮಿಫೈನಲ್ ದಿನವನ್ನು ಎಲ್‌ಎಸ್‌ಯು ಜನ ಎರಡು ಕಾರಣಕ್ಕೆ ಮರೆಯುವುದಿಲ್ಲ. ಆ ಬೆಳಿಗ್ಗೆ ಪಂದ್ಯ ನೋಡಲು ಅಟ್ಲಾಂಟಾಕ್ಕೆ ಹೊರಟಿದ್ದ ಎನ್ಸ್‌ಮಿಂಗರ್ ಅವರ ಸೊಸೆ, ಕ್ರೀಡಾ ವರದಿಗಾರ್ತಿ, ಲೂಸಿಯಾನಾದ ಲಫಯೆಟ್‌ನಲ್ಲಿ ಸಣ್ಣ ವಿಮಾನ ಬಿದ್ದು ತೀರಿಕೊಂಡರು. ಸುದ್ದಿ ತಿಳಿದ ಮೇಲೂ ಎನ್ಸ್‌ಮಿಂಗರ್ ತಮ್ಮ ಆಸನಕ್ಕೆ ಹೋಗಿ ಕೂತರು. ಬರೋ ಅರ್ಧ ಪಂದ್ಯದಲ್ಲೇ ಏಳು ಟಚ್‌ಡೌನ್ ಪಾಸ್ ಎಸೆದ, ನಾಲ್ಕನ್ನು ಹಿಡಿದವನು ಜೆಫರ್ಸನ್. ಒಕ್ಲಹೋಮಾ ವಿರುದ್ಧ 63–28. ಆ ವರ್ಷದ ಅತಿ ಸೊಗಸಾದ ಆಕ್ರಮಣ ಹೊಮ್ಮಿದ್ದು, ಆ ಮೈದಾನದಲ್ಲಿ ಎಲ್ಲರಿಗಿಂತ ಹೆಚ್ಚು ನೋವು ಹೊತ್ತಿದ್ದ ಮನುಷ್ಯನ ನಿರ್ದೇಶನದಲ್ಲಿ.

2020ರ ಜನವರಿ 13ರ ಫೈನಲ್ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ. ಎದುರಾಳಿ ಕ್ಲೆಮ್ಸನ್, ಹಾಲಿ ಚಾಂಪಿಯನ್, ಸತತ 29 ಪಂದ್ಯ ಗೆದ್ದ ತಂಡ. ಎಲ್‌ಎಸ್‌ಯು 17–7ರಿಂದ ಹಿಂದೆ ಬಿದ್ದಿತು. ಅಲ್ಲಿಂದ ಸಾಲಾಗಿ 21 ಅಂಕ ಗಳಿಸಿ ಅರ್ಧ ಪಂದ್ಯಕ್ಕೆ 28–17 ಮಾಡಿತು, ಕೊನೆಗೆ 42–25ರಿಂದ ಗೆದ್ದಿತು. ಬರೋ 463 ಗಜ ಎಸೆದ, ಐದು ಟಚ್‌ಡೌನ್ ಪಾಸ್ ಕೊಟ್ಟ, ಒಂದನ್ನು ತಾನೇ ಓಡಿ ಗಳಿಸಿದ. ಚೇಸ್ ಒಬ್ಬನೇ 221 ಗಜ ಹಿಡಿದ. ಹಿಂದಿನ ವರ್ಷ 16 ಟಚ್‌ಡೌನ್ ಪಾಸ್ ಎಸೆದಿದ್ದವನ ಲೆಕ್ಕ ಈಗ 60ಕ್ಕೆ ಮುಟ್ಟಿತ್ತು, ಅದು ಆಗಿನ ದಾಖಲೆ. ಎಸೆದ ನೂರರಲ್ಲಿ 76 ಚೆಂಡು ಸರಿಯಾದ ಕೈ ಸೇರಿದ್ದವು.

ಅಷ್ಟು ಎತ್ತರಕ್ಕೇರಿದ ತಂಡ ಆ ರಾತ್ರಿಯೇ ಕರಗಲು ಶುರುವಾಯಿತು. ಕಾಲೇಜು ತಂಡದ ಧರ್ಮವೇ ಅದು, ವಿದ್ಯಾರ್ಥಿಗಳು ಹೋಗಲೇಬೇಕು. ಬ್ರೇಡಿ ವೃತ್ತಿಪರ ತಂಡಕ್ಕೆ ನಡೆದರು, ರಕ್ಷಣಾ ವಿಭಾಗದ ಡೇವ್ ಅರಾಂಡಾ ಇನ್ನೊಂದು ಯೂನಿವರ್ಸಿಟಿಯ ಮುಖ್ಯ ಕೋಚ್ ಆದರು. ಏಪ್ರಿಲ್‌ನಲ್ಲಿ ವೃತ್ತಿಪರ ತಂಡಗಳು ಹೊಸಬರನ್ನು ಆರಿಸಿದಾಗ ಎಲ್‌ಎಸ್‌ಯುನ 14 ಮಂದಿ ಆಯ್ಕೆಯಾದರು, ಮೊದಲ ಆಯ್ಕೆಯೇ ಬರೋ. 2020ರಲ್ಲಿ ತಂಡ ಐದು ಗೆದ್ದು ಐದು ಸೋತಿತು. ಚಾಂಪಿಯನ್‌ಷಿಪ್ ಬೆನ್ನಿಗೆ 4 ಕೋಟಿ ಡಾಲರ್ ಮೀರಿದ ಹೊಸ ಒಪ್ಪಂದ ಪಡೆದ ಓರ್ಜೆರಾನ್ 2021ರ ಕೊನೆಗೆ ಹೊರನಡೆದರು. ಅವರನ್ನು ಬಿಡುಗಡೆ ಮಾಡಲು ಯೂನಿವರ್ಸಿಟಿ ಒಪ್ಪಿದ ಮೊತ್ತ ಸುಮಾರು 1.7 ಕೋಟಿ ಡಾಲರ್. ಇದಕ್ಕಿಂತ ಕಹಿಯಾದ ಮಾತೂ ಇದೆ. ಲೈಂಗಿಕ ದೌರ್ಜನ್ಯದ ದೂರುಗಳನ್ನು ಎಲ್‌ಎಸ್‌ಯು ವರ್ಷಗಳಿಂದ ಸರಿಯಾಗಿ ನಿಭಾಯಿಸಿಲ್ಲ ಎಂದು 2021ರ ಮಾರ್ಚ್‌ನಲ್ಲಿ ಹೊರಗಿನ ಕಾನೂನು ಸಂಸ್ಥೆಯ ವರದಿ ಹೇಳಿತು. ಆಟಗಾರರಿಗೆ ತೆರೆದ ಮನಸ್ಸು ತೋರಿದ ಸಂಸ್ಥೆ, ದೂರು ಹೊತ್ತು ಬಂದ ಹೆಣ್ಣುಮಕ್ಕಳಿಗೆ ಅದೇ ಮನಸ್ಸು ತೋರಲಿಲ್ಲ. ಆ ವರ್ಷವನ್ನು ಮೆಚ್ಚುವವರು ಇದನ್ನು ಮುಚ್ಚಿಡಬಾರದು.

ಹಣದ ಪ್ರಶ್ನೆಯೂ ಉಳಿಯುತ್ತದೆ. ಕೋಟಿಗಟ್ಟಲೆ ಡಾಲರ್ ಹುಟ್ಟಿಸಿದ ಆ ಹುಡುಗರಿಗೆ ವಿದ್ಯಾರ್ಥಿವೇತನ, ಊಟ, ವಸತಿ ಬಿಟ್ಟು ಸಂಬಳವಿರಲಿಲ್ಲ. ಫೈನಲ್ ಮುಗಿದ ಮೈದಾನದಲ್ಲಿ ಹಳೆಯ ಆಟಗಾರನೊಬ್ಬ ಕೆಲವರ ಕೈಗೆ ನೋಟು ಕೊಟ್ಟದ್ದೇ ನಿಯಮ ಉಲ್ಲಂಘನೆಯ ಪ್ರಕರಣವಾಯಿತು. 2021ರ ಜುಲೈಯಿಂದ ವಿದ್ಯಾರ್ಥಿಗಳು ತಮ್ಮ ಹೆಸರು, ಚಿತ್ರಗಳಿಂದ ಗಳಿಸಬಹುದು ಎಂದಾಯಿತು. 2025ರಿಂದ ಯೂನಿವರ್ಸಿಟಿಗಳೇ ನೇರವಾಗಿ ಹಣ ಕೊಡಬಹುದು. ತಂಡ ಬದಲಿಸಲು ಒಂದು ವರ್ಷ ಕೂರಬೇಕೆಂಬ ಕಟ್ಟೂ ಸಡಿಲಾಗಿದೆ. ದುಡಿದವರಿಗೆ ಕೂಲಿ ಸಿಗುವುದು ನ್ಯಾಯ. ಅದನ್ನು ತಡವಾಗಿ ಕೊಟ್ಟದ್ದಷ್ಟೇ ಅನ್ಯಾಯ. ಆದರೆ ಹಳೆಯ ನಿಯಮದಲ್ಲಿ ಉಳಿಸಿಕೊಳ್ಳಬೇಕಾದ ಒಂದು ತಿರುಳಿತ್ತು. ಎರಡನೇ ಅವಕಾಶಕ್ಕೆ ಅದು ಕೇಳುತ್ತಿದ್ದ ಬೆಲೆ ಪದವಿ. ವೃತ್ತಿಪರ ಆಟಕ್ಕೆ ಹೋಗಲಾಗದೆ ಉಳಿಯುವ ಬಹುಪಾಲು ಹುಡುಗರ ಬದುಕಿಗೆ ಆಮೇಲೆ ಆಧಾರವಾಗುವುದು ಅದೊಂದೇ.

ಪ್ರತಿಭೆ ಗುರುತಿಸುವವರು ತಪ್ಪುತ್ತಾರೆ, ತಪ್ಪುವುದು ಸಹಜ. ಇಪ್ಪತ್ತರ ಹುಡುಗ ಮುಂದೇನಾಗುತ್ತಾನೆಂದು ಯಾರು ಕಂಡಿದ್ದಾರೆ? ಓಹಾಯೊ ಸ್ಟೇಟ್‌ನ ಕೋಚ್‌ಗಳು ದಡ್ಡರಲ್ಲ. ಅವರು ಆರಿಸಿದ ಹ್ಯಾಸ್ಕಿನ್ಸ್ 2018ರಲ್ಲಿ 50 ಟಚ್‌ಡೌನ್ ಪಾಸ್ ಎಸೆದ. ಅವರ ಆಯ್ಕೆಯೂ ಸರಿ, ಆದರೂ ಬರೋ ಕೂಡ ದೊಡ್ಡ ಆಟಗಾರನೇ ಆಗಿದ್ದ. ಎರಡೂ ಏಕಕಾಲಕ್ಕೆ ನಿಜವಾಗಲು ಇನ್ನೊಂದು ಬಾಗಿಲು ಬೇಕಾಯಿತು, ಆಚೆ ಬದಿಯಲ್ಲಿ ತಾನೂ ಎರಡು ಕಡೆ ತಿರಸ್ಕಾರ ಉಂಡು ಬಂದ ಕೋಚ್ ಬೇಕಾಯಿತು, ಹೊಸದನ್ನು ಕಲಿಯಲು ಸಿದ್ಧನಿದ್ದ ಹಿರಿಯ ಬೇಕಾಯಿತು. ಶಾಲೆ, ಕಾಲೇಜು, ಕ್ರೀಡಾ ಸಂಸ್ಥೆ ಯಾವುದೇ ಇರಲಿ, ಎಷ್ಟು ಚಾಂಪಿಯನ್ನರನ್ನು ಮೊದಲ ಆಯ್ಕೆಯಲ್ಲೇ ಹಿಡಿಯಿತು ಎಂದಷ್ಟೇ ಕೇಳಿದರೆ ಸಾಲದು. ಮೊದಲ ಸಲ ಕೈಬಿಟ್ಟವರಿಗೆ ಮತ್ತೆ ಬರಲು ದಾರಿ ಇಟ್ಟಿದೆಯೇ, ಆ ದಾರಿಯಲ್ಲಿ ಓದನ್ನೂ ಉಳಿಸಿದೆಯೇ ಎಂದೂ ಕೇಳಬೇಕು.